ಮೀನುಗಾರರ ಸಂದರ್ಶನಗಳ ಡೇಟಾ ಜೋಡಿಸಿಡುವುದು ಹೇಗೆ?

ಮಲ್ಪೆ, ಕಾಪು ಕಡೆ ಮಾಡಿದ ಸಂದರ್ಶನಗಳ ಆಡಿಯೋ ಮೊಬೈಲಿನಲ್ಲಿ, ಫೋಟೋ ಪೆನ್‌ಡ್ರೈವಿನಲ್ಲಿ, ಲೆಕ್ಕ ಎಕ್ಸೆಲ್‌ನಲ್ಲಿ ಚದುರಿ ಹೋಗಿದೆ, ಯಾವ ಸಾಫ್ಟ್‌ವೇರ್ ಬಳಸಲಿ ಅಂತ ಕೇಳಿದ್ದೀರಿ. ಉಡುಪಿಯಲ್ಲಿ ನಾನೂ ಇಂಥದ್ದೇ ಕೆಲಸ ಮಾಡುತ್ತೇನೆ. ಎಕ್ಸೆಲ್, ನೋಟ್‌ಪ್ಯಾಡ್ ಸಾಕು. ಆಡಿಯೋ ಕೇಳಿ ಬರೆದುಕೊಳ್ಳೋಕೆ ಮಾತ್ರ ಈಲಾನ್ (ELAN) ಅನ್ನುವ ಸಾಫ್ಟ್‌ವೇರ್ ನೋಡಿ, ಉಚಿತ. ತುಳು ಮಾತು ಒಂದು ಸಾಲು, ಅದರ ಕೆಳಗೆ ಕನ್ನಡ ಅರ್ಥ ಅಂತ ಸಮಯದ ಜೊತೆ ಬರೆದಿಡಬಹುದು.

ಸಾಫ್ಟ್‌ವೇರಿಗಿಂತ ವಿವರ ಬರೆದಿಡುವುದು ಮುಖ್ಯ. ಅದೂ ಅವತ್ತೇ ಸಂಜೆ. ಎಲ್ಲಿ, ಯಾವಾಗ, ಯಾವ ಭಾಷೆಯಲ್ಲಿ ಮಾತಾಡಿದಿರಿ, ಪಕ್ಕದಲ್ಲಿ ಯಾರಿದ್ದರು, ಎಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ ಇರಲಿ.

ನಿಮ್ಮ ವಿಷಯದಲ್ಲಂತೂ ತಾರೀಕು ಬಿಡಬೇಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ ಅಲ್ವಾ? ಆಗ ಜನ ಪುರುಸೊತ್ತಾಗಿ ಮಾತಿಗೆ ಸಿಗುತ್ತಾರೆ. ಆದರೆ ಸಂಪಾದನೆ ಎಷ್ಟು ಅಂತ ಜುಲೈಯಲ್ಲಿ ಕೇಳಿದರೆ ಬರುವ ಉತ್ತರ ಬೇರೆ, ಅಕ್ಟೋಬರಿನಲ್ಲಿ ಬರುವುದು ಬೇರೆ. ಹಾಗಾಗಿ ಫೈಲಿನ ಹೆಸರು ತಾರೀಕಿನಿಂದಲೇ ಶುರುವಾಗಲಿ, ವರ್ಷ ಮೊದಲು: 2024-07-18. ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಆಮೇಲೆ ಊರು, ವ್ಯಕ್ತಿಯ ಕೋಡ್ (ಹೆಸರಿನ ಬದಲು ನೀವೇ ಕೊಡುವ ಗುರುತು). ಒಂದು ಕಡೆ ಕಾಪು, ಇನ್ನೊಂದು ಕಡೆ ಕೌಪ್ ಅಂತ ಬರೆದರೆ ಹುಡುಕುವಾಗ ಅರ್ಧವೇ ಸಿಗುತ್ತದೆ.

ಎಕ್ಸೆಲ್‌ನಲ್ಲಿ ಸುಮ್ನೆ 'ಆದಾಯ' ಅಂತ ಕಾಲಂ ಮಾಡಿದರೆ ಆರು ತಿಂಗಳ ಮೇಲೆ ನಿಮಗೇ ಗೊತ್ತಾಗುವುದಿಲ್ಲ. ದಿನದ್ದಾ, ಟ್ರಿಪ್ಪಿನದ್ದಾ? ಡೀಸೆಲ್ ಖರ್ಚು ಕಳೆದಿದ್ದಾ? ಮಾಲಕರದ್ದಾ, ಕೆಲಸದವರ ಪಾಲಾ? ಪ್ರತಿ ಕಾಲಮ್ಮಿಗೂ ಒಂದು ಸಾಲು ವಿವರ ಬೇರೆ ಶೀಟಿನಲ್ಲಿ ಬರೆಯಿರಿ. ಸೊನ್ನೆ ಅಂದರೆ ಏನೂ ಸಿಕ್ಕಿಲ್ಲ, ಖಾಲಿ ಅಂದರೆ ಕೇಳಿಲ್ಲ. ಇದನ್ನೂ ಅಲ್ಲೇ ಬರೆದಿಡಿ.

ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಿದ್ದರೆ ಯೂನಿಕೋಡಿಗೆ ಬದಲಾಯಿಸಿ. ಮೂಲ ಆಡಿಯೋ ಮುಟ್ಟಬೇಡಿ, ಕತ್ತರಿಸುವುದೆಲ್ಲ ಕಾಪಿಯಲ್ಲಿ. ಮೂರು ಪ್ರತಿ ಇರಲಿ, ಒಂದು ಬೇರೆ ಊರಲ್ಲೋ ಕ್ಲೌಡಿನಲ್ಲೋ. ಪೆನ್‌ಡ್ರೈವ್ ಲೆಕ್ಕಕ್ಕಿಲ್ಲ.

ಹೆಸರು, ಫೋನ್, ಮನೆ ನಂಬರ್ ಬೇರೆ ಫೈಲಿನಲ್ಲಿಟ್ಟು ಪಾಸ್‌ವರ್ಡ್ ಹಾಕಿ. (ಮನೆ ನಂಬರ್ 3-12 ಅಂತ ಹೊಡೆದರೆ ಎಕ್ಸೆಲ್ ಅದನ್ನು ತಾರೀಕು ಮಾಡಿಬಿಡುತ್ತದೆ! ಆ ಕಾಲಂ ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ.) ನಮ್ಮ ಕರಾವಳಿಯ ಸಣ್ಣ ಊರುಗಳಲ್ಲಿ ಬೋಟಿನ ಹೆಸರು ಹೇಳಿದರೆ ಸಾಕು, ಮಾಲಕರು ಯಾರು ಅಂತ ಎಲ್ಲರಿಗೂ ಗೊತ್ತು. ಅದಕ್ಕೂ ಕೋಡ್ ಕೊಡಿ. ಫೋಟೋ ಹಂಚುವ ಮೊದಲು ಬೋಟಿನ ಮೇಲೆ ಬರೆದ ನಂಬರ್ ಕಾಣಿಸುತ್ತಿದೆಯಾ ಅಂತಲೂ ನೋಡಿಕೊಳ್ಳಿ.