ಎಕ್ಸ್‌ಎಂಎಲ್‌ಗೆ ಬರೆದ ದತ್ತಾಂಶವನ್ನು ಇದ್ದಂತೆಯೇ ಮರಳಿ ಪಡೆಯುವುದು ಹೇಗೆ?

ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಹಕರ ವಿವರವನ್ನು ಎಕ್ಸ್‌ಎಂಎಲ್ (ದತ್ತಾಂಶವನ್ನು ಟ್ಯಾಗ್‌ಗಳ ನಡುವೆ ಪಠ್ಯವಾಗಿ ಬರೆಯುವ ರೂಪ) ಕಡತಕ್ಕೆ ಬರೆದು ಮತ್ತೆ ಓದಿದಾಗ ಅದು ಮೂಲ ಆಬ್ಜೆಕ್ಟ್‌ಗೆ (ಪ್ರೋಗ್ರಾಂ ಸ್ಮೃತಿಯಲ್ಲಿ ಇಟ್ಟುಕೊಂಡ ದತ್ತಾಂಶದ ಗುಚ್ಛಕ್ಕೆ) ಏಕೆ ಸಮನಾಗುವುದಿಲ್ಲ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಇಂಥದೇ ಬಿಲ್ಲಿಂಗ್ ತಂತ್ರಾಂಶದ ಕೆಲಸ ಮಾಡುವವನಾಗಿ ನನಗೆ ತಿಳಿದಷ್ಟು ಹೇಳುತ್ತೇನೆ.

ನಿಮಗೆ ಬೇಕಿರುವುದು ಆಬ್ಜೆಕ್ಟ್‌ನಿಂದ ಕಡತಕ್ಕೆ, ಕಡತದಿಂದ ಅದೇ ಆಬ್ಜೆಕ್ಟ್‌ಗೆ ಮರಳುವುದು ಮಾತ್ರ. ಬೇರೆಯವರು ಕೊಟ್ಟ ಕಡತವನ್ನು ಓದಿ, ಅಕ್ಷರವೂ ಬದಲಾಗದಂತೆ ತಿರುಗಿ ಬರೆಯುವ ಹಟ ಬೇಡ. ಟಿಪ್ಪಣಿಗಳು, ಆಟ್ರಿಬ್ಯೂಟ್‌ಗಳ (ಟ್ಯಾಗ್‌ನೊಳಗೆ ಹೆಸರು-ಮೌಲ್ಯವಾಗಿ ಬರೆಯುವ ವಿವರಗಳ) ಕ್ರಮ ಮುಂತಾದವು ಆಬ್ಜೆಕ್ಟ್‌ನಲ್ಲಿ ಉಳಿಯುವುದೇ ಇಲ್ಲ.

ಹೆಚ್ಚಿನ ತೊಂದರೆ ಬರುವುದು ಪಠ್ಯದಲ್ಲಿ. ಬಸವನಗುಡಿಯ ಮನೆಯೊಂದರ ಮೂರು ಸಾಲಿನ ವಿಳಾಸವನ್ನು ನೀವೇ ಸ್ಟ್ರಿಂಗ್ ಜೋಡಿಸಿ ಆಟ್ರಿಬ್ಯೂಟ್‌ನಲ್ಲಿ ಬರೆದರೆ, ಓದುವಾಗ ಸಾಲು ಮುರಿದ ಕಡೆಯಲ್ಲೆಲ್ಲ ಬರೀ ಖಾಲಿ ಜಾಗ ಸಿಗುತ್ತದೆ. ಇದು ಪಾರ್ಸರ್‌ನ (ಕಡತ ಓದಿ ಬಿಡಿಸುವ ತಂತ್ರಾಂಶದ) ದೋಷವಲ್ಲ, 1998ರ ಎಕ್ಸ್‌ಎಂಎಲ್ 1.0 ನಿರ್ದಿಷ್ಟತೆಯೇ ವಿಧಿಸಿದ ನಿಯಮ. ಸಾಲುಮುರಿತವನ್ನು 
 ಎಂದು ಬರೆದರೆ ಅದು ಉಳಿಯುತ್ತದೆ. ವಿಂಡೋಸ್ ಶೈಲಿಯ ಸಾಲುಮುರಿತದಲ್ಲಿರುವ ಹೆಚ್ಚುವರಿ ಚಿಹ್ನೆ ಎಲಿಮೆಂಟ್‌ನ (ಆರಂಭ ಮತ್ತು ಅಂತ್ಯದ ಟ್ಯಾಗ್‌ಗಳಿರುವ ಭಾಗದ) ಒಳಗೂ ಕಳೆದುಹೋಗುವುದರಿಂದ ಅದಕ್ಕೆ  ಬೇಕು. ಟ್ಯಾಬ್ ಮತ್ತು ಸಾಲುಮುರಿತದ ಚಿಹ್ನೆಗಳನ್ನು ಬಿಟ್ಟು ಯೂನಿಕೋಡ್ ಸಂಖ್ಯೆ 32ಕ್ಕಿಂತ ಕೆಳಗಿರುವ ಸಂಕೇತಗಳಿಗೆ 1.0ರಲ್ಲಿ ಪ್ರವೇಶವೇ ಇಲ್ಲ. ಅವು ಬರಬಹುದಾದ ಕ್ಷೇತ್ರವನ್ನು (ಆಬ್ಜೆಕ್ಟ್‌ನ ಒಂದು ಫೀಲ್ಡನ್ನು) ಬೇಸ್64ನಲ್ಲಿ, ಅಂದರೆ ಯಾವ ದತ್ತಾಂಶವನ್ನೂ ಸಾಮಾನ್ಯ ಅಕ್ಷರಗಳಾಗಿ ಬರೆಯುವ ರೂಪದಲ್ಲಿ, ಬರೆಯಿರಿ.

ಕನ್ನಡದ ಹೆಸರುಗಳಿದ್ದರೆ ಇನ್ನೊಂದು ಎಚ್ಚರ: 'ಕೊ'ದಲ್ಲಿರುವ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಜಾವಾಗೆ ಬೇರೆ ಬೇರೆ. ಹೆಸರುಗಳನ್ನು ಏಕರೂಪಗೊಳಿಸುವುದಿದ್ದರೆ ದತ್ತಾಂಶ ಒಳಬರುವಾಗಲೇ ಮಾಡಿ, ಎಕ್ಸ್‌ಎಂಎಲ್ ಬರೆಯುವ ಕೋಡ್‌ನಲ್ಲಿ ಬೇಡ.

ನಲ್ (ಮೌಲ್ಯವೇ ಇಲ್ಲದ ಸ್ಥಿತಿ), ಖಾಲಿ ಸ್ಟ್ರಿಂಗ್ (ಅಕ್ಷರಗಳಿಲ್ಲದ ಪಠ್ಯ), ಖಾಲಿ ಪಟ್ಟಿ ಇವಕ್ಕೆ ಪ್ರತ್ಯೇಕ ರೂಪ ಕೊಡಿ. ನಲ್ ಇದ್ದಾಗ ಎಲಿಮೆಂಟನ್ನೇ ಬಿಡುವುದು ನನಗೆ ಸರಳವೆನಿಸುತ್ತದೆ. ಮೊತ್ತವನ್ನು ಪರದೆಗೆಂದು ಅಂದಗೊಳಿಸಿದ ರೂಪದಲ್ಲಿ ಬರೆಯಬೇಡಿ. ಜಾವಾದಲ್ಲಿ ದಶಮಾಂಶ ಸಂಖ್ಯೆಗಳಿಗಿರುವ ಬಿಗ್‌ಡೆಸಿಮಲ್‌ನ ಈಕ್ವಲ್ಸ್ ಎಂಬ ಹೋಲಿಕೆಗೆ 10.5 ಮತ್ತು 10.50 ಸಮನಲ್ಲ ಎಂಬುದೂ ನೆನಪಿರಲಿ. ಎರಡು ಖಾತೆಗಳು ಒಂದೇ ವಿಳಾಸದ ಆಬ್ಜೆಕ್ಟನ್ನು ಹಂಚಿಕೊಂಡಿದ್ದರೆ, ಅದಕ್ಕೊಂದು ಗುರುತುಸಂಖ್ಯೆ ಕೊಟ್ಟು ಒಮ್ಮೆ ಮಾತ್ರ ಬರೆಯಿರಿ. ಇಲ್ಲವಾದರೆ ಓದಿದ ಮೇಲೆ ಎರಡು ಪ್ರತಿಗಳಾಗುತ್ತವೆ.

ಇಷ್ಟೆಲ್ಲ ಮಾಡಿದರೂ ಬರೆಯುವ ಕೋಡ್ ಒಂದು ಕಡೆ, ಓದುವ ಕೋಡ್ ಇನ್ನೊಂದು ಕಡೆ ಇದ್ದರೆ, ಯಾರೋ ಒಂದು ಕ್ಷೇತ್ರ ಸೇರಿಸಿದ ದಿನ ಎರಡಕ್ಕೂ ಹೊಂದಾಣಿಕೆ ತಪ್ಪುತ್ತದೆ. ಆದ್ದರಿಂದ ಪ್ರತಿ ಕ್ಷೇತ್ರದ ಹೆಸರು, ಬರೆಯುವ ವಿಧಾನ, ಓದುವ ವಿಧಾನ ಮೂರನ್ನೂ ಒಂದೇ ವಿವರಣೆಯಲ್ಲಿಟ್ಟು, ಎರಡೂ ದಿಕ್ಕಿನ ಕೆಲಸ ಅದರಿಂದಲೇ ನಡೆಯುವಂತೆ ಮಾಡಿ. ಬಳಿಕ ಯಾದೃಚ್ಛಿಕ ಮೌಲ್ಯಗಳನ್ನು ಹುಟ್ಟಿಸುವ ಜೆಕ್ವಿಕ್‌ನಂತಹ ಸಾಧನದಿಂದ, ಬರೆದು ಓದಿದ್ದು ಮೂಲಕ್ಕೆ ಸಮನೇ ಎಂಬ ಪರೀಕ್ಷೆಯನ್ನು ಪ್ರತಿ ಬಿಲ್ಡ್‌ನಲ್ಲೂ (ಕೋಡ್‌ನಿಂದ ತಂತ್ರಾಂಶ ಸಿದ್ಧಪಡಿಸುವಾಗಲೆಲ್ಲ) ಓಡಿಸಿ.