ಎಲ್ಲ ಪದಕ್ಕೂ 'ಗೊತ್ತು' ಅನ್ನುವವರನ್ನು ಯಾವ ಬ್ಯಾಚಿಗೆ ಹಾಕೋದು?

ಬ್ಯಾಚ್ ಆರಿಸಲು ಕೊಡುವ ಇಂಗ್ಲಿಷ್ ಪದಪಟ್ಟಿಯಲ್ಲಿ 80% 'ಗೊತ್ತು' ಎಂದು ಟಿಕ್ ಹಾಕಿದವರು ಮೇಲಿನ ಇಂಗ್ಲಿಷ್ ಬ್ಯಾಚಿನಲ್ಲಿ ತಡವರಿಸುತ್ತಿದ್ದರೆ, ಬಹುಶಃ ಎಲ್ಲೋ ಕೇಳಿದ ಪದಕ್ಕೂ ಟಿಕ್ ಹಾಕಿದ್ದಾರೆ.

ಮೊದಲು 40 ನಿಜವಾದ ಪದಗಳ ನಡುವೆ 20 ಸುಳ್ಳು ಪದ ಬೆರೆಸಿ. 'ಡ್ರಿಂಪಲ್' ಥರ: ನೋಡಲು ಇಂಗ್ಲಿಷ್, ಅರ್ಥ ಮಾತ್ರ ಇಲ್ಲ. ನಿಜದಲ್ಲಿ 32 (80%), ಸುಳ್ಳಿನಲ್ಲಿ 6 (30%) ಟಿಕ್ ಬಿದ್ದಿದ್ದರೆ, 80ರಲ್ಲಿ 30 ಕಳೆದು ಅಂಕ 50 ಎಂದು ಹಿಡಿಯಿರಿ. ಒರಟು ಲೆಕ್ಕವೇ, ಆದರೆ ಸುಮ್ನೆ ಟಿಕ್ ಹಾಕಿದವರು ಸಿಕ್ಕಿಬೀಳುತ್ತಾರೆ.

ಕನ್ನಡದಲ್ಲೇ ಓಡಾಡುವ ಪದಗಳನ್ನು ಪಟ್ಟಿಯಿಂದ ತೆಗೆಯಿರಿ. 'ಕರೆಂಟ್' ಎಲ್ಲರಿಗೂ ಗೊತ್ತು. 'ಕರೆಂಟ್ ಅಫೇರ್ಸ್' ಅಂದರೆ ಲೈನ್‌ಮನ್ ಕೆಲಸ ಅಂದುಕೊಂಡವರೂ ನನ್ನ ಕ್ಲಾಸಿನಲ್ಲಿದ್ದರು!

ಆಮೇಲೆ ಐದು ನಿಮಿಷ ಮಾತಾಡಿಸಿ. ಪದ ಗೊತ್ತಿದ್ದೂ ಬಾಯಿ ಬಿಡದವರು ಇರುತ್ತಾರೆ ಅಲ್ವಾ. ಎಷ್ಟು ಅಂಕಕ್ಕೆ ಯಾವ ಬ್ಯಾಚ್ ಅನ್ನೋದಕ್ಕೆ ಸಿದ್ಧ ಸೂತ್ರವಿಲ್ಲ. ಈಗಿರುವ ಮೇಲಿನ, ಕೆಳಗಿನ ಎರಡೂ ಬ್ಯಾಚಿಗೆ ಈ ಪಟ್ಟಿಯನ್ನೇ ಕೊಟ್ಟು, ಬಂದ ಅಂಕ ನೋಡಿ ಗೆರೆ ಎಳೆಯಿರಿ.