ಇರಾನಿನ ಕಥೆಗಳಲ್ಲಿ ನಗರದ ಅಲೆದಾಟ: ಎಲ್ಲಿಂದ ಓದಲು ಶುರು ಮಾಡಬೇಕು?

‘ಕುರುಡು ಗೂಬೆ’ ಕಾದಂಬರಿ ತಲೆಗೆ ಹತ್ತದೆ ಅರ್ಧಕ್ಕೇ ಬಿಟ್ಟೆ, ಊರಲ್ಲಿ ಒಂಟಿಯಾಗಿ ಅಲೆಯುವವರ ಪರ್ಷಿಯನ್ ಕಥೆಗಳನ್ನು ಯಾವ ಕ್ರಮದಲ್ಲಿ ಓದಲಿ ಎಂದು ಕೇಳಿದ್ದೀರಿ. ಆ ಪುಸ್ತಕವನ್ನು ಕೊನೆಗಿಟ್ಟುಕೊಳ್ಳಿ. ಮೊದಲು ಅದರ ಲೇಖಕ ಸಾದೆಗ್ ಹೆದಾಯತರದೇ ‘ಬೀದಿನಾಯಿ’ (1942) ಓದಿ. ಸಣ್ಣ ಕಥೆ, ಒಂದೇ ಪಟ್ಟಿಗೆ ಮುಗಿಯುತ್ತದೆ.

ಟೆಹರಾನಿನ ಹತ್ತಿರದ ವರಾಮಿನ್ ಚೌಕ. ರೊಟ್ಟಿ ಅಂಗಡಿ, ಕಸಾಯಿ ಅಂಗಡಿ, ಎರಡು ಕಾಫಿಖಾನೆ, ಒಂದು ಕ್ಷೌರದಂಗಡಿ ಎಂದು ಹೆದಾಯತ್ ಶುರುವಿನಲ್ಲೇ ಎಣಿಸಿಡುತ್ತಾರೆ. ಅದನ್ನು ಬರೀ ವರ್ಣನೆ ಎಂದು ಹಾರಿಸಿಬಿಡಬೇಡಿ. ಒಡೆಯನಿಂದ ತಪ್ಪಿಹೋದ ಪಾತ್ ಎಂಬ ಸೆಟ್ಟರ್ ನಾಯಿಗೆ ಅವೇ ಗಡಿಗಳು. ರೊಟ್ಟಿ ಅಂಗಡಿಯ ಹುಡುಗ ಹೊಡೆಯುತ್ತಾನೆ, ಕಸಾಯಿಯ ಆಳು ಕಲ್ಲೆಸೆಯುತ್ತಾನೆ, ಕಾರಿನ ನೆರಳಿಗೆ ಹೋದರೆ ಡ್ರೈವರನ ಬೂಟುಗಾಲು. ಆರಾಮಾಗಿ ಊರು ನೋಡುತ್ತ ಅಡ್ಡಾಡುವ ಪ್ಯಾರಿಸ್ ಮಾದರಿಯ ಮನುಷ್ಯನನ್ನು ಈ ಕಥೆಗಳಲ್ಲಿ ಹುಡುಕಲು ಹೋಗಿ ಅನೇಕರು ದಾರಿ ತಪ್ಪುತ್ತಾರೆ. ಇಲ್ಲಿ ಅಲೆಯುವವರನ್ನು ಊರು ಅಟ್ಟುತ್ತಿರುತ್ತದೆ. ಯಾರಿಗೆ ಎಲ್ಲಿ ನಿಲ್ಲಲು ಬಿಡುತ್ತಾರೆ ಎಂದು ಗಮನಿಸುತ್ತ ಓದಿ.

ಆಮೇಲೆ ಮಹ್ಸಾ ಮೊಹೆಬ್ಅಲಿಯ ಕಾದಂಬರಿ ‘ನೆಗರಾನ್ ನಬಾಶ್’ (‘ಚಿಂತೆ ಮಾಡಬೇಡ’, 2008). ಟೆಹರಾನ್ ಒಂದೇ ಸಮನೆ ಕಂಪಿಸುತ್ತಿದೆ, ಜನ ಊರು ಬಿಡುತ್ತಿದ್ದಾರೆ, ಅಫೀಮಿನ ಚಟಕ್ಕೆ ಬಿದ್ದ ಶಾದಿ ಗಂಡುಡುಗೆ ತೊಟ್ಟು ಸರಕು ಹುಡುಕಿಕೊಂಡು ಹೊರಡುತ್ತಾಳೆ. ಹಿಜಾಬ್ ಕಾನೂನಿನ ಕಣ್ಣು ತಪ್ಪಿಸದೆ ಅವಳಿಗೆ ಬೀದಿಯೇ ಇಲ್ಲ. ಪಕ್ಕದಲ್ಲಿ ಟೆಹರಾನಿನ ನಕ್ಷೆ ಇಟ್ಟುಕೊಳ್ಳಿ. ಊರು ಅಲ್ಬೋರ್ಜ್ ಬೆಟ್ಟದಿಂದ ದಕ್ಷಿಣಕ್ಕೆ ಇಳಿಜಾರು. ಉತ್ತರದ ಎತ್ತರದಲ್ಲಿ ಉಳ್ಳವರು, ಕೆಳಗೆ ರೈಲುನಿಲ್ದಾಣದ ಕಡೆ ಬಡವರು. ಬೇರೆ ಟೆಹರಾನ್ ಕಥೆಗಳಿಗೂ ಈ ನಕ್ಷೆ ಬೇಕಾಗುತ್ತದೆ.

ಈಗ ‘ಕುರುಡು ಗೂಬೆ’ಗೆ ಬನ್ನಿ. ಹೆದಾಯತ್ 1951ರಲ್ಲಿ ಪ್ಯಾರಿಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು ಎಂದು ಇದನ್ನು ಅವರ ಮರಣಪತ್ರದಂತೆ ಓದುವವರಿದ್ದಾರೆ. ಆದರೆ ಪುಸ್ತಕ ಹೊರಬಂದದ್ದು ಸುಮಾರು ಹದಿನೈದು ವರ್ಷ ಮೊದಲು, ನಮ್ಮ ಮುಂಬೈಯಲ್ಲಿ: ಕೈಬರಹದ ಸುಮಾರು 50 ಪ್ರತಿ, ಇರಾನಿನಲ್ಲಿ ಮಾರಾಟಕ್ಕಲ್ಲ ಎಂಬ ಸೂಚನೆಯೊಂದಿಗೆ. ನಿರೂಪಕ ಯಾವ ಕಾಲದಲ್ಲಿದ್ದಾನೆ ಎಂಬುದೇ ಹೊಳೆಯದೆ ಬಹಳ ಜನ ನಡುವೆ ಕೈಬಿಡುತ್ತಾರೆ. ಅದಕ್ಕೊಂದು ಉಪಾಯವಿದೆ: ನಾಣ್ಯಗಳನ್ನು ಗುರುತು ಹಾಕಿಕೊಳ್ಳಿ. ಮೊದಲ ಭಾಗದಲ್ಲಿ ಅವನ ಬಳಿಯಿರುವುದು ಎರಡು ಕೆರಾನ್, ಒಂದು ಅಬ್ಬಾಸಿ, ಅಂದರೆ ಹತ್ತಿರದ ಕಾಲದ ನಾಣ್ಯಗಳು. ಎರಡನೆಯದರಲ್ಲಿ ಬಹಳ ಹಿಂದಿನ ಕಾಲದ ಎರಡು ದಿರ್ಹಮ್, ನಾಲ್ಕು ಪಶೀಜ್. ಎರಡನೆಯ ಜೋಡಿ ಬಂತೆಂದರೆ ನೀವು ಟೆಹರಾನಿನ ಪಕ್ಕದ ಪುರಾತನ ಊರಾದ ಹಳೆಯ ರೇ ನಗರದಲ್ಲಿದ್ದೀರಿ.